ಗಂಗತ್ತೆಯ ಹಾಯಿದೋಣಿ

ಮೊನ್ನೆ ಗೊರಗುಂಟೆಪಾಳ್ಯದ ಬಣ್ಣದಂಗಡಿಯಲ್ಲಿ ಯಾರೋ ಅಗಸೆ ಎಣ್ಣೆಯ ಡಬ್ಬಿ ತೆರೆದರು. ಆ ಜಿಡ್ಡು, ತುಸು ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಎಪ್ಪತ್ತರ ದಶಕದ ಕೊನೆಯಲ್ಲಿ ಯಲಹಂಕದ ನಮ್ಮ ಬಾಡಿಗೆ ಮನೆಯ ಹಿತ್ತಲೆಲ್ಲ ಇದೇ ವಾಸನೆ. ಮರದ ಸಾಮಾನಿಗೆ ನೀರು ಹಿಡಿಯದಿರಲೆಂದು ಅಪ್ಪ ಅದನ್ನು ಕಾಯಿಸಿ ಬಟ್ಟೆಯಲ್ಲಿ ತಿಕ್ಕುತ್ತಿದ್ದ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಏನಿದೆಯೆಂದು ಹೋಗಿ ನೋಡುವ ಉತ್ಸಾಹವೂ ನನ್ನಲ್ಲಿ ಉಳಿದಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು. ಇದ್ದರೆ ಈ ದಣಿವು ನಿಮಗೂ ಗೊತ್ತಿದ್ದೀತು.

ಅಪ್ಪ ಬಾಗಲಕೋಟೆ ಕಡೆಯವನು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನ ತಂಗಿ ಗಂಗತ್ತೆ ನಮ್ಮೊಂದಿಗೇ ಇದ್ದಳು. ಮೂರು ವರ್ಷದವಳಿದ್ದಾಗ ಬಂದ ಪೋಲಿಯೊ ಅವಳ ಎರಡೂ ಕಾಲುಗಳನ್ನು ಒಣಗಿಸಿತ್ತು. ಅಂಗೈ ಊರಿ ಮೈ ಎಳೆದುಕೊಂಡು ಓಡಾಡುತ್ತಿದ್ದ ಅವಳ ತೋಳುಗಳು ಮಾತ್ರ ಗರಡಿಯಾಳಿನ ತೋಳುಗಳು. ಮೂವತ್ತರ ಹತ್ತಿರದ ಹೆಂಗಸಿನ ಪ್ರಪಂಚವೆಲ್ಲ ಅಡುಗೆಮನೆಯಿಂದ ಹಿತ್ತಲ ಒಗೆಯುವ ಕಲ್ಲಿನವರೆಗೆ. ಅಪ್ಪನ ಮೇಲಧಿಕಾರಿಯೊಬ್ಬರಿಗೆ ಕೆರೆಯಲ್ಲಿ ಹಾಯಿದೋಣಿ ಬಿಡುವ ಹವ್ಯಾಸವಿತ್ತು; ಜೊತೆಗೆ ಹೋಗಿ ಹೋಗಿ ಅಪ್ಪನೂ ಕಲಿತಿದ್ದ. ಅವರು ಊರು ಬಿಡುವಾಗ ಹಳೆಯ ಪುಟ್ಟ ದೋಣಿಯೊಂದನ್ನು ಅವನಿಗೆ ಕೊಟ್ಟುಹೋದರು. ಬರೀ ಒಡಲು, ಕಂಬವಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಎತ್ತಿನಗಾಡಿಯಲ್ಲಿ ತಂದು ಹಿತ್ತಲಲ್ಲಿ ಇಳಿಸಿದಾಗ ಅತ್ತೆ ಅದರೊಳಗೆ ಕೂತು, ಎರಡೂ ಅಂಚು ಹಿಡಿದು ನೋಡಿದಳು.

“ಇದಕ್ಕ ಕಾಲು ಬೇಕಾಗಿಲ್ಲಲ್ಲಣ್ಣಾ,” ಅಂದಳು.

ಆ ಒಂದು ಮಾತಿಗೆ ಅಪ್ಪನ ಎರಡು ವರ್ಷದ ಭಾನುವಾರಗಳು ಹೋದವು. ಆರು ದಿನ ಪಾಳಿ ಮಾಡಿ ಬಂದವನು ಏಳನೆಯ ದಿನ ಉಳಿ ಹಿಡಿಯುತ್ತಿದ್ದ. ನೀಲಗಿರಿ ಕಂಬವನ್ನು ಹೆರೆದು ಹಾಯಿಕಂಬ ಮಾಡಿದ. ಹಳೇ ಬಾಗಿಲ ಹಲಗೆ ಚುಕ್ಕಾಣಿಯಾಯಿತು. ಅತ್ತೆ ಹಿಂದಕ್ಕೆ ಹೊರಳಲಾರಳೆಂದು ಅದರ ಹಿಡಿಗೆ ಬಿದಿರು ಕಟ್ಟಿ ಅವಳ ಕೈಗೆಟುಕುವಷ್ಟು ಉದ್ದ ಮಾಡಿದ. ಗಾಳಿ ತುಂಬಿದಾಗ ಹಾಯಿಯ ಹಗ್ಗ ಕೈ ಕಿತ್ತುಬರುವಂತೆ ಜಗ್ಗುತ್ತದೆ. ಅದನ್ನು ಸುತ್ತಿ ನಿಲ್ಲಿಸಲು ಹುಣಸೆ ಕೊರಡಿನಲ್ಲಿ ಎರಡು ಕೋಡಿನ ಗೂಟ ಕೆತ್ತಿದ. ಗುಜರಿಯಿಂದ ತಂದ ಡೇರೆಬಟ್ಟೆಯನ್ನು ಅವ್ವ ದಬ್ಬಣದಲ್ಲಿ ಹೊಲಿದು ಹಾಯಿ ಮಾಡಿದಳು. ಕೆರೆಗಿಳಿಸಿ ನೋಡಿದಾಗ ಮಾಡಿದ್ದೆಲ್ಲ ಒಂದಲ್ಲ ಒಂದು ದಿನ ಮುರಿಯುತ್ತಿತ್ತು. ಗೂಟ ಸೀಳುತ್ತಿತ್ತು, ಹಾಯಿ ಹೊಲಿಗೆಗುಂಟ ಹರಿಯುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ, ಉಸ್ಸೆಂದು ಕೂತು ಮತ್ತೆ ಶುರುಮಾಡುತ್ತಿದ್ದ. ಸೋರುವ ಹಂಚು ಸರಿಮಾಡಲು ಈ ಮನೆಯಲ್ಲಿ ಯಾರಿಗೂ ಬಿಡುವಿಲ್ಲವೆಂದು ಅವ್ವ ಗೊಣಗುತ್ತಲೇ ಹರಿದ ಹಾಯಿಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಅತ್ತೆ ಜಾರಬಾರದೆಂದು ಅಪ್ಪ ಬೆತ್ತದ ಕುರ್ಚಿಯೊಂದರ ಕಾಲು ಕೊಯ್ದು ದೋಣಿಗೆ ಬಿಗಿದ. ಸೊಂಟಕ್ಕೆ ಚರ್ಮದ ಪಟ್ಟಿ ಹಾಕಿದ. ಊರಿನ ಬಾವಿಗಳಲ್ಲಿ ಈಜು ಕಲಿಯುವಾಗ ಕಟ್ಟುವಂತೆ ಬೆನ್ನಿಗೆ ಒಣಗಿದ ಸೋರೆಬುರುಡೆ. ಒಂದು ಆಷಾಢದ ಬೆಳಿಗ್ಗೆ ಅಪ್ಪ, ಅತ್ತೆ ಇಬ್ಬರೂ ಯಲಹಂಕ ಕೆರೆಯ ನಡುವೆ ಇದ್ದಾಗ ಗಾಳಿ ಏಕಾಏಕಿ ದಿಕ್ಕು ಬದಲಿಸಿತು. ದೋಣಿ ಮಗುಚಿತು. ಅಪ್ಪನ ತಲೆ ಮೇಲೆ ಬಂತು, ಅತ್ತೆಯದು ಬರಲಿಲ್ಲ. ನೆನೆದ ಚರ್ಮ ಬಕಲಿನಲ್ಲಿ ಕಚ್ಚಿಕೊಂಡಿತ್ತು. ಅಪ್ಪ ಮುಳುಗಿ ಚಾಕುವಿನಿಂದ ಪಟ್ಟಿ ಕೊಯ್ದು ಅವಳನ್ನು ಎತ್ತುವವರೆಗೆ ಏರಿಯ ಮೇಲೆ ನಿಂತ ಅವ್ವ ನನ್ನ ಭುಜ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆ ಗುರುತು ವಾರ ಕಳೆದರೂ ಮಾಸಿರಲಿಲ್ಲ. ಕೆರೆಯಂಚಿನಲ್ಲಿ ಯಾರ ಹೊಂಗೆಮರದಡಿ ನಾವು ದೋಣಿ ಇಡುತ್ತಿದ್ದೆವೋ ಆ ರೈತ ಮುನಿಯಪ್ಪ ಇಬ್ಬರನ್ನೂ ದಡಕ್ಕೆ ಎಳೆದ. “ಮನುಸ್ರನ್ನ ಇಂಗೆ ಕಟ್ಟಾಕ್ಬಾರ್ದು ಸ್ವಾಮಿ,” ಎಂದಷ್ಟೇ ಹೇಳಿದ.

ದೋಣಿ ಮರದಡಿ ಬೋರಲು ಬಿತ್ತು. ಅಪ್ಪ ಅದರ ಸುದ್ದಿ ಎತ್ತುತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಅಪ್ಪನಿಗೆ ಅಂದಳು: “ಮುಳುಗಿದಾಕಿ ನಾನು. ಅಂಜಿದ್ರ ನಾ ಅಂಜಬೇಕು, ನೀ ಯಾಕ ಅಂಜತಿ? ಒಂದ ಕೈಲೆ ಜಗ್ಗಿದ್ರ ಬಿಚ್ಚೂ ಪಟ್ಟಿ ಮಾಡಿಕೊಡು.”

ಅಪ್ಪ ಮಾಡಿದ. ಡೇರೆಬಟ್ಟೆಯ ಎರಡು ಕುಣಿಕೆ, ನಡುವೆ ನುಣುಪಾದ ಮರದ ಕಡ್ಡಿ. ಕಡ್ಡಿಗೆ ಕಟ್ಟಿದ ದಾರ ಎಳೆದರೆ ಪಟ್ಟಿ ಕಳಚಿಕೊಳ್ಳುತ್ತಿತ್ತು. ಎದೆಮಟ್ಟದ ನೀರಿನಲ್ಲಿ ಮೊದಲು ತಾನೇ ಕೂತು ಬಿಗಿದುಕೊಂಡು ಮುನಿಯಪ್ಪನಿಂದ ದೋಣಿ ಮಗುಚಿಸಿಕೊಂಡ. ಒಮ್ಮೆಯಲ್ಲ, ಹನ್ನೆರಡು ಸಲ. ಪ್ರತಿ ಸಲ ಮೇಲೆ ಬಂದಾಗಲೂ ಮುಖ ಇನ್ನಷ್ಟು ಬಿಳಿಚಿರುತ್ತಿತ್ತು. ಆಮೇಲೆ ಅತ್ತೆಯ ಸರದಿ. ದೋಣಿ ಕವುಚಿತು. ಅವಳು ತಾನೇ ಮೇಲೆ ಬಂದು, ಮುಖದ ನೀರು ಒರೆಸಿಕೊಂಡು, “ಇನ್ನೊಮ್ಮೆ,” ಅಂದಳು.

ದಸರೆಯ ಹೊತ್ತಿಗೆ ಅವಳು ಒಬ್ಬಳೇ ಹೋದಳು. ಅಪ್ಪ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಹಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಆಚೆ ದಡ ಮುಟ್ಟಿ, ತಿರುಗಿಸಿಕೊಂಡು, ಸುಮಾರು ಒಂದು ತಾಸಿಗೆ ಮರಳಿದಳು. ಅಲ್ಲೇನಿತ್ತು ಎಂದು ಅವ್ವ ಕೇಳಿದಳು.

“ಏನೂ ಇಲ್ಲ ವೈನಿ. ಬರೇ ಜೊಂಡು,” ಅಂದಳು ಅತ್ತೆ. ಪಟ್ಟಿಯ ದಾರ ಎಳೆಯುತ್ತ, “ಆದ್ರ ನಾನ ಹೋಗಿ ನೋಡಿಬಂದೆ.”

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಕೆರೆಗೆ ಕೊಳಚೆ ಬರತೊಡಗಿತು, ಅಂತರಗಂಗೆ ಕಳೆ ಹಬ್ಬಿ ಚುಕ್ಕಾಣಿ ಆಡದಾಯಿತು. ಹೊಸ ಬಡಾವಣೆಗೆಂದು ಮುನಿಯಪ್ಪನ ಮಕ್ಕಳು ಹೊಲ ಬಿಟ್ಟುಕೊಟ್ಟರು. ಎದೆಯಲ್ಲಿ ಕಫ ಕಟ್ಟಿ, ಅತ್ತೆ ಎರಡು ಚಳಿಗಾಲ ನರಳಿ, ಮೂರನೆಯದರಲ್ಲಿ ಹೋದಳು. ಅವಳನ್ನು ಎತ್ತುವಾಗ, ಎಷ್ಟು ಹಗುರಾಗಿದ್ದಾಳೆ ಎಂದು ಅಪ್ಪ ಯಾರಿಗೆಂದಿಲ್ಲದೆ ಹೇಳಿದ.

ಅದಾದ ಮೇಲೆ ಭಾನುವಾರಗಳಂದು ಅಪ್ಪ ಗೋಡೆಗೆ ಮುಖಮಾಡಿ ಮಧ್ಯಾಹ್ನದವರೆಗೂ ಮಲಗಿರುತ್ತಿದ್ದ. ಅವ್ವ ಪಾತ್ರೆಗಳನ್ನು ಸದ್ದಾಗದಂತೆ ಇಡುತ್ತಿದ್ದಳು. ನಾವ್ಯಾರೂ ಅವನನ್ನು ಎಬ್ಬಿಸುತ್ತಿರಲಿಲ್ಲ.