ಏನೂ ಮಾಡಂಗಿಲ್ಲ, ಬರ್ರಿ

ನಮ್ಮ ಹೊಸಪೇಟೆಯ ಬಡಾವಣೆಗಳಲ್ಲಿ ಯಾರ ಮನೆಗೆ ಹೋದರೂ ಗೇಟಿಗೊಂದು ತಗಡಿನ ಹಲಗೆ, ಅದರ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಕೆಂಪಕ್ಷರ. ಅದನ್ನೋದಿ ನಾನು ಕಾಲು ಹಿಂದೆಗೆಯುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಯಜಮಾನರ ಅಭಯವಾಣಿ: “ಏನೂ ಮಾಡಂಗಿಲ್ಲ, ಬರ್ರಿ!” ಹಲಗೆಯನ್ನು ನಂಬಬೇಕೋ ಯಜಮಾನರನ್ನು ನಂಬಬೇಕೋ ತಿಳಿಯದೆ, ಗೇಟಿನ ಹೊರಗೇ ನಿಂತು ಅರ್ಧ ಮಾತು ಮುಗಿಸಿ ತಿರುಗಿ ಬಂದ ಸಂದರ್ಭಗಳು ನನ್ನ ಬಾಳಿನಲ್ಲಿ ಕಡಿಮೆಯಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು ನಾನು. ಹಂಪಿಯ ಗಜಶಾಲೆಯ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಮಹಾಯುದ್ಧಗಳನ್ನು ವರ್ಣಿಸುತ್ತಿರುವಾಗ ಪಕ್ಕದಲ್ಲೊಂದು ಬಡಕಲು ನಾಯಿ ಸುಮ್ಮನೆ ಆಕಳಿಸಿದರೂ ಸಾಕು, ಸೇನೆ ಸಮೇತ ಹಿಮ್ಮೆಟ್ಟುತ್ತೇನೆ. ಇಂಥವನ ಒಡಹುಟ್ಟಿದ ಅಕ್ಕ ಒಂದು ರಾಟ್‌ವೀಲರ್ ನಾಯಿಯನ್ನು ಮನೆಗೆ ತಂದಳೆಂದರೆ ನನ್ನ ಪಾಡೇನಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಪದ್ಮಕ್ಕ ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುತ್ತಾಳೆ. ಏಕಾದಶಿಗೆ ನೀರು ಕುಡಿಯಲೂ ಯೋಚಿಸುವವಳು, ಈರುಳ್ಳಿಯನ್ನು ಕೂಡ ಅನುಮಾನದಿಂದ ನೋಡುವವಳು. ಅವಳ ಕಚೇರಿಗೆ ಸಂಡೂರಿನಿಂದ ಶೇಖರಪ್ಪ ಎಂಬ ಗುತ್ತಿಗೆದಾರ ಆಗಾಗ ಬರುತ್ತಿದ್ದ. ಅದಿರು ಸಾಗಿಸುವ ಲಾರಿಗಳ ಒಡೆಯ. ಆತ ಒಂದು ದಿನ ಯಾರ ಮುಂದೋ ಹೇಳಿಕೊಳ್ಳುತ್ತಿದ್ದುದು ಅಕ್ಕನ ಕಿವಿಗೆ ಬಿತ್ತು. ಲಾರಿಗಳ ಅಂಗಳ ಕಾಯಲೆಂದು ದೊಡ್ಡ ಜಾತಿಯ ನಾಯಿ ತಂದಿದ್ದ. ಜೋರಾಗಲೆಂದು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ, ಹೋಗಿಬರುವವರಿಂದ ಕೋಲಿನಲ್ಲಿ ಕೆಣಕಿಸುತ್ತಿದ್ದ. ಅದು ಅವನ ಅಪೇಕ್ಷೆಗೂ ಮೀರಿ ಜೋರಾಗಿ, ಅನ್ನ ಹಾಕಲು ಹೋದ ಅವನದೇ ಡ್ರೈವರಿನ ಕೈ ಕಚ್ಚಿ ಹರಿದಿತ್ತು. “ಮರಿಯಮ್ಮನಹಳ್ಳಿ ದಾಟಿ ಹೈವೇದಾಗ ಎಲ್ಲ್ಯಾರ ಬಿಟ್ಟು ಬರ್ತೀನ್ರಿ, ಪೀಡಾ ಹೋಗಲಿ,” ಎಂದನಂತೆ.

“ಅಲ್ಲಿ ಮತ್ಯಾರನ್ನರ ಕಚ್ಚಲಿ ಅಂತನೇನ್ರಿ?” ಎಂದು ಅಕ್ಕ ಕುಳಿತಲ್ಲಿಂದಲೇ ಕೇಳಿದಳು. ಆಮೇಲೆ, ಅವಳೇ ಹೇಳುವಂತೆ ಬಾಯಿ ತಪ್ಪಿ, “ನನಗ ಕೊಡ್ರಿ,” ಅಂದುಬಿಟ್ಟಳು.

ಅವನು ಜಲ್ದಿ ಕೊಟ್ಟೇಬಿಟ್ಟ.

ಅಕ್ಕ ಅದಕ್ಕೆ ಭೀಮನೆಂದು ಹೆಸರಿಟ್ಟಳು. ಊಟದ ಪ್ರಮಾಣ ನೋಡಿದರೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಅವನಿಗಾಗಿ ಹಿತ್ತಲಲ್ಲಿ ಬೇರೆ ಒಲೆ ಬಂತು, ಬೇರೆ ಪಾತ್ರೆ ಬಂತು. ಮೊಟ್ಟೆ ಬೇಯಿಸಿ, ಮೂಗಿಗೆ ಸೆರಗು ಹಿಡಿದು ಬಡಿಸಿ, ಸ್ನಾನ ಮಾಡಿ ತುಳಸಿಗೆ ನೀರೆರೆಯುವ ಅಕ್ಕನನ್ನು ಕಂಡು ನನಗೆ ನಗು ತಡೆಯಲಾಗುತ್ತಿರಲಿಲ್ಲ. ಗೇಟಿನ ಹೊರಗೆ ನಿಂತೇ ನಗುತ್ತಿದ್ದೆ, ಅದು ಬೇರೆ ಮಾತು. ಪಶುವೈದ್ಯರು ಹೇಳಿದ್ದನ್ನೆಲ್ಲ ಅವಳು ವ್ರತದಂತೆ ನಡೆಸಿದಳು. ಲಸಿಕೆ ಹಾಕಿಸಿದಳು, ಗೇಟು ಎತ್ತರಿಸಿದಳು, ಹೊರಗೆ ಹೊರಟಾಗ ದಪ್ಪ ಹಗ್ಗ ಕಟ್ಟಿ, ಎತ್ತಿನ ಬಾಯಿಗೆ ಹಾಕುವಂಥ ಕುಕ್ಕೆಯನ್ನು ಅವನ ಮೂತಿಗೆ ಬಿಗಿದಳು. “ಪಾಪ, ಮೂಕಪ್ರಾಣಿಗೆ ಯಾಕಿಷ್ಟು ಶಿಕ್ಷೆ?” ಎಂದು ಕೇಳಿದರೆ, “ಶಿಕ್ಷಾ ಅಲ್ಲೋ, ನಾಲ್ಕು ಮಂದಿ ನಡುವ ಅಡ್ಡಾಡ್ಲಿಕ್ಕೆ ಅವನಿಗೆ ಕೊಟ್ಟ ಪರವಾನಗಿ ಅದು,” ಎನ್ನುತ್ತಿದ್ದಳು.

ತಿಂಗಳುಗಟ್ಟಲೆ ಎಲ್ಲ ಸುಸೂತ್ರವಾಗಿತ್ತು. ಒಂದು ಸಂಜೆ ಕಾಲುವೆಯ ದಂಡೆಯ ಮೇಲೆ ಅಕ್ಕ, ಭೀಮ, ಅವರಿಂದ ಗೌರವಯುತ ಅಂತರದಲ್ಲಿ ನಾನು ನಡೆದು ಬರುತ್ತಿದ್ದೆವು. ಎದುರಿನಿಂದ ನಿವೃತ್ತ ಗಣಿತದ ಮೇಷ್ಟ್ರು ವೀರಭದ್ರಪ್ಪನವರು ಮಂಡಿನೋವಿನ ಕೋಲೂರಿಕೊಂಡು ಬಂದರು. ಅಕ್ಕನನ್ನು ಕಂಡ ಸಂತೋಷಕ್ಕೆ, ನಮಸ್ಕಾರದ ಬದಲಾಗಿ ಆ ಕೋಲನ್ನೇ ಮೇಲೆತ್ತಿ ಬೀಸಿದರು.

ಭೀಮ ಹಾರಿದ. ಅಕ್ಕ ಮಂಡಿಯೂರಿ ಬಿದ್ದಳು, ಅಂಗೈ ಕಿತ್ತುಹೋಯಿತು, ಆದರೆ ಹಗ್ಗ ಬಿಡಲಿಲ್ಲ. ಮೇಷ್ಟ್ರ ತೊಡೆಗೆ ತಾಗಿದ್ದು ಹಲ್ಲಲ್ಲ, ಕುಕ್ಕೆ. ಅವರು ಹೆದರಿ ಅಲ್ಲೇ ನೆಲಕ್ಕೆ ಕುಸಿದರು. ನಾನೆಲ್ಲಿದ್ದೆ ಎಂದು ಕೇಳುತ್ತೀರಾ? ಮೋರಿಯ ಕಟ್ಟೆಯ ಮೇಲಿದ್ದೆ. ಹೇಗೆ ಹತ್ತಿದೆನೆಂಬುದು ಇಂದಿಗೂ ನನಗೆ ತಿಳಿಯದು.

ಭೀಮನನ್ನು ಒಳಗೆ ಕೂಡಿ ಬಂದವಳೇ ಅಕ್ಕ ಮೇಷ್ಟ್ರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ತನ್ನ ಅಂಗೈಗೆ ಔಷಧಿ ಹಚ್ಚಿಸಿಕೊಂಡದ್ದು ಅವರ ತೊಡೆಯ ಪರೀಕ್ಷೆ ಮುಗಿದ ಮೇಲೆಯೇ. ಮರುದಿನ ಬೆಳಿಗ್ಗೆ ಕ್ವಾರ್ಟರ್ಸಿನ ಮಂದಿಯೆಲ್ಲ ಅವಳ ಅಂಗಳಕ್ಕೆ ಬಂದರು. ಈ ಜಾತಿಯೇ ಕೆಟ್ಟದ್ದು, ಸಾಕುವುದನ್ನೇ ನಿಷೇಧಿಸಬೇಕು ಎಂದರು ಕೆಲವರು. ನಾಯಿ ಎಂದರೆಲ್ಲ ಒಂದೇ, ಜಾತಿ ಗೀತಿ ಸುಳ್ಳು ಎಂದರು ಮತ್ತೆ ಕೆಲವರು. “ಇನ್ನ ಮುಂದ ಏನೂ ಮಾಡಂಗಿಲ್ಲ ಅಂತ ನೀವು ಬಾಯಿಬಿಟ್ಟು ಹೇಳ್ರಿ ನೋಡೋಣ,” ಎಂದ ಪಕ್ಕದ ಮನೆಯಾತ.

“ಹೇಳಂಗಿಲ್ರಿ,” ಎಂದಳು ಅಕ್ಕ. “ಮಾಡ್ತದ. ಕುಕ್ಕಿ ಇರಲಿಲ್ಲಂದ್ರ ನಿನ್ನೆ ಮಾಸ್ತರ ಕಾಲು ಉಳೀತಿರಲಿಲ್ಲ. ಸಣ್ಣ ನಾಯಿ ಕಚ್ಚಿದ್ರ ಪಟ್ಟಿ ಕಟ್ಟಿಕೊಂಡು ಮನಿಗೆ ಬರ್ತೀವಿ, ಇಂಥಾದ್ದು ಕಚ್ಚಿದ್ರ ಬದುಕೇ ಹೋಗಬಹುದು. ಅದು ಗೊತ್ತಿದ್ದೇ ಸಾಕೀನಿ. ಕೋಲು ಕಂಡ್ರ ಅವಗ ಹಳೇದೆಲ್ಲಾ ನೆನಪಾಗ್ತದ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಮಾಸ್ತರು ಬ್ಯಾಡ ಅಂದ್ರ ಬ್ಯಾಡ. ಅವರು ಹೇಳಿದಂಗ ಮಾಡ್ತೀನಿ.”

ಇಷ್ಟು ವರ್ಷ ನಾನು ಕೇಳಿದ್ದ ಅಭಯವಾಣಿಗಳಲ್ಲಿ ಒಂದೂ ನನ್ನ ಭಯವನ್ನು ಕಡಿಮೆ ಮಾಡಿರಲಿಲ್ಲ. ‘ಮಾಡ್ತದ’ ಎಂಬ ಈ ಒಂದು ಪ್ರಾಮಾಣಿಕ ಮಾತಿಗೆ ಅದೇಕೋ ಎದೆ ಹಗುರಾಯಿತು. ಅಣೆಕಟ್ಟೆಯ ಬುಡದಲ್ಲಿ ಸಂಸಾರ ಹೂಡಿದ ಜನ ನಾವು. ಅಷ್ಟು ನೀರನ್ನು ತಲೆಯ ಮೇಲಿಟ್ಟುಕೊಂಡು ನೆಮ್ಮದಿಯಾಗಿ ನಿದ್ರಿಸುವುದು ನೀರು ಸಾಧು ಎಂದು ನಂಬಿ ಅಲ್ಲ. ಅದರ ಬಲವನ್ನು ಬಲ್ಲ ಯಾರೋ ಗೇಟಿನ ಬಳಿ ಎಚ್ಚರವಾಗಿದ್ದಾರೆಂದು ನಂಬಿ. ತಳಿಯೆಂಬುದು ಸುಳ್ಳಲ್ಲ. ದನಗಳನ್ನು ಅಟ್ಟಲು, ಬಂಡಿ ಎಳೆಯಲು ಮನುಷ್ಯನೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಬಲವದು. ಆ ಬಲವನ್ನು ಹುಟ್ಟಿಸಿದವರು ನಾವು, ಕೆಣಕುವವರೂ ನಾವೇ. ಆಮೇಲೆ ಗೇಟಿಗೆ ಹಲಗೆ ಬರೆಸಿ ಕೈತೊಳೆದುಕೊಳ್ಳುವವರೂ ನಾವೇ.

ಗುಂಪಿನ ಹಿಂದಿದ್ದ ಮೇಷ್ಟ್ರು ಕೋಲೂರಿಕೊಂಡು ಮುಂದೆ ಬಂದರು. “ಕೋಲು ಬಿಟ್ರ ನಾ ಬೀಳ್ತೀನಿ ತಂಗಿ. ನಾಯಿ ಬಿಟ್ರ ನೀ ಕೊರಗ್ತಿ. ಎರಡೂ ಬ್ಯಾಡ. ನನ್ನ ಕೋಲಿನ ಪರಿಚಯ ಅವಗ ಮಾಡಿಸೋಣು. ದಡ್ಡ ಹುಡುಗರಿಗೆ ಭಿನ್ನರಾಶಿ ಕಲಿಸಿದ ಮನಿಷ್ಯಾ ನಾನು, ಇದೇನು ಮಹಾ?”

ಹೀಗೆ ಭೀಮನ ಶಾಲೆ ಶುರುವಾಯಿತು. ಅಕ್ಕ ಹಗ್ಗ ಹಿಡಿದು ಒಳಗೆ ಕೂರುವಳು; ಮೇಷ್ಟ್ರು ಗೇಟಿನಾಚೆ ದೂರದಲ್ಲಿ ಕೋಲನ್ನು ನೆಲಕ್ಕೆ ಮಲಗಿಸಿ ಸುಮ್ಮನೆ ನಿಲ್ಲುವರು. ಭೀಮ ಗುರುಗುಟ್ಟದೆ ಇದ್ದರೆ ಒಂದು ತುಂಡು ಚಪಾತಿ. ಮೊದಮೊದಲು ಕೋಲು ಮಿಸುಕಿದರೂ ಅವನ ಬೆನ್ನ ಮೇಲಿನ ಕೂದಲು ನಿಮಿರುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಮೇಷ್ಟ್ರು ಕೋಲೂರಿಕೊಂಡು ಅವನ ಮುಂದೆಯೇ ಅಡ್ಡಾಡತೊಡಗಿದರು. ಅವನೋ ಕೋಲಿನ ಸದ್ದು ಕೇಳಿದರೆ ಚಪಾತಿಯ ನಿರೀಕ್ಷೆಯಲ್ಲಿ ಬಾಲ ಆಡಿಸುತ್ತಿದ್ದ. ಆದರೂ ಹೊರಗೆ ಹೊರಟರೆ ಕುಕ್ಕೆ ತಪ್ಪಲಿಲ್ಲ.

ಸುದ್ದಿ ಸಂಡೂರಿಗೂ ಮುಟ್ಟಿರಬೇಕು. ಒಂದು ದಿನ ದೊಡ್ಡ ಬಿಳಿ ಕಾರಿನಲ್ಲಿ ಶೇಖರಪ್ಪ ಬಂದಿಳಿದ. “ನಾಯಿ ಮಸ್ತ್ ತಯಾರಾಗೇತಂತ ಕೇಳಿದೆ ಅಕ್ಕಾರ. ನಮ್ಮದ ನಾಯಿ, ತಿರುಗಿ ಒಯ್ಯೋಣು ಅಂತ ಬಂದೆ.”

ಅಕ್ಕ ಸಿಟ್ಟಾಗುತ್ತಾಳೆಂದುಕೊಂಡೆ. ಅವಳು ಶಾಂತವಾಗಿ, “ಆ ಡ್ರೈವರ್ ಕೈ ಈಗ ಹೆಂಗದ್ರಿ?” ಎಂದು ಕೇಳಿದಳು.

ಶೇಖರಪ್ಪನಿಗೆ ಗೊತ್ತಿರಲಿಲ್ಲ. ಆ ಡ್ರೈವರ್ ಕೆಲಸ ಬಿಟ್ಟು ಕಂಪ್ಲಿ ಕಡೆಯ ಮೆಟ್ರಿ ಎಂಬ ತನ್ನೂರಿಗೆ ಹೋಗಿದ್ದನಂತೆ.

“ಮೊದಲ ಅದನ್ನ ತಿಳಕೊಂಡ್ ಬರ್ರಿ. ನಾಯಿ ಅಂತೂ ಕೊಡಂಗಿಲ್ಲ. ನೋಡಬೇಕು ಅಂದ್ರ ಬರ್ರಿ, ಕುಂದರ್ರಿ, ನಿಮಗೂ ಕಲಿಸ್ತೀವಿ.”

ಆತ ಕಾರು ಹತ್ತಿ ಹೊರಟುಹೋದ. ಇನ್ನು ಈ ಕಡೆ ತಲೆ ಹಾಕಲಾರನೆಂದು ನಾನು ಖಚಿತವಾಗಿ ನುಡಿದೆ. ನನ್ನ ಐತಿಹಾಸಿಕ ಭವಿಷ್ಯವಾಣಿ ಎಂದಿನಂತೆ ಸುಳ್ಳಾಯಿತು. ಭಾನುವಾರ ಅವನು ಬಂದ; ಕಾರನ್ನು ದೂರ ನಿಲ್ಲಿಸಿ ನಡೆದು ಬಂದ. “ಮೆಟ್ರಿಗೆ ಹೋಗಿದ್ದೆ ಅಕ್ಕಾರ,” ಎಂದ, ಚಪ್ಪಲಿ ಕಡೆ ನೋಡುತ್ತ. “ಅವನ ಎರಡು ಬೆರಳು ಮಡಚಾಕ ಬರಂಗಿಲ್ಲ. ಮೊದಲ ಒಳಗ ಕರೀಲಿಲ್ಲ. ನಾ ಮಾಡಿದ್ದು ತಪ್ಪಪಾ ಅಂದೆ. ಆಮ್ಯಾಲ ಚಾ ಕೊಟ್ಟ. ಅವನ ಕೈಯಿಗೆ ಆಗೋ ಕೆಲಸ ಕೊಡ್ತೀನಿ ಅಂತ ಹೇಳಿ ಬಂದೀನಿ.”

ಅಕ್ಕ ಕುಕ್ಕೆ ತೊಡಿಸಿ, ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡು ಭೀಮನನ್ನು ಹೊರತಂದಳು. ಭೀಮ ಗೋಡೆಗೆ ಒತ್ತಿ ನಿಂತು ನಡುಗಿದ. ಅಷ್ಟು ದೊಡ್ಡ ದೇಹ ನಡುಗುವುದನ್ನು ಕಂಡು ನನಗೆ ಮೊದಲ ಬಾರಿ ಹೊಳೆಯಿತು, ಇವನು ನನ್ನದೇ ಪಂಗಡದವನು. “ಜಲ್ದಿ ಮಾಡಬ್ಯಾಡ್ರಿ, ನೆಲಕ್ಕ ಕುಂದರ್ರಿ,” ಎಂದರು ಮೇಷ್ಟ್ರು. ಇಸ್ತ್ರಿಯ ಬಿಳಿ ಬಟ್ಟೆಯ ಶೇಖರಪ್ಪ ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಚಹಾ ಆರುವಷ್ಟು ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ಭೀಮ ಹೆಜ್ಜೆಯಿಟ್ಟು ಬಂದು ಅವನ ಮಂಡಿ ಮೂಸಿ, ತಿರುಗಿ, ತುಸು ಆಚೆ ಅವನಿಗೆ ಬೆನ್ನು ಹಾಕಿ ಮಲಗಿಬಿಟ್ಟ.

“ಮುಖಾ ತಿರುವಿದನಲ್ರೀ,” ಎಂದ ಶೇಖರಪ್ಪ, ಪೆಚ್ಚಾಗಿ.

“ಯಾರ ಹೆದರಿಕಿ ಇರ್ತದೋ ಅವರಿಗೆ ಬೆನ್ನು ಹಾಕಿ ಯಾರರ ಮಲಗ್ತಾರೇನ್ರಿ?” ಎಂದಳು ಅಕ್ಕ. “ಮುಂದಿನ ವಾರಾನೂ ಬರ್ರಿ.”