ಅಕ್ಕೋರ ಹೆಬ್ಬೆರಳು

ಅವರ ಬಲಗೈಯ ಹೆಬ್ಬೆರಳಿಗೆ ಬಿಡುವೇ ಇರಲಿಲ್ಲ. ಪ್ರಾರ್ಥನೆ ಹೇಳುವಾಗ ಅದು ಕಿರುಬೆರಳಿನ ಬುಡದಿಂದ ಹೊರಟು ಒಂದೊಂದೇ ಗೆಣ್ಣು ಮುಟ್ಟುತ್ತ ಹೋಗುತ್ತಿತ್ತು. ಒಂದು ನುಡಿಗೆ ಒಂದು ಗೆಣ್ಣು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದವರು ಹಚ್ಚಿದ ರೂಢಿಯಂತೆ. ನಾನು ವ್ಯಾಪಾರದವಳು. ಬೆಲೆ ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಹಾಗಾಗಿ ಅವರಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಹೆಬ್ಬೆರಳು. ಹೆಸರಿನ ಗೊಡವೆಗೆ ಮುಂದೆಯೂ ಹೋಗಲಿಲ್ಲ. ಎಲ್ಲರಿಗೂ ಅವರು ಅಕ್ಕೋರು, ಪಾಠ ಹೇಳುವ ಅಕ್ಕೋರು.

ಪುಣೆಯ ಪಕ್ಕದ ಖಡಕಿ ದಂಡಿನ ಬಂಗಲೆಗಳಿಗೆ ತತ್ತಿ, ಕೋಳಿ ಕೊಡುವುದು ನನ್ನ ಕಸುಬು. ಗದಗಿನ ಕಡೆಯಿಂದ ಬರಿಗೈಲಿ ಬಂದವಳು, ಬಟ್ಲರುಗಳ ಜೊತೆ ಮರಾಠಿಯಲ್ಲಿ ಜಗಳಾಡಿಯೇ ಮೇಲೆ ಬಂದೆ. ನಮ್ಮ ಚಾಳಿನಲ್ಲಿ ಕನ್ನಡದ ಕ್ರೈಸ್ತರ ಮನೆಗಳು ಮೂರು. ಗೋರಾ ಸಾಹೇಬರ ಮಕ್ಕಳ ಶಾಲೆಗೆ ನಮ್ಮವರನ್ನು ಸೇರಿಸುತ್ತಿರಲಿಲ್ಲ. ಮರಾಠಿ ಶಾಲೆಗೆ ಕಳಿಸಿದರೆ ಕನ್ನಡದ ಪ್ರಾರ್ಥನೆ ನಾಲಿಗೆಯಿಂದ ಜಾರಿಹೋಗುತ್ತಿತ್ತು. ಮನೆಯಲ್ಲೇ ಕಲಿಸೋಣ ಎಂದು ಮೂರೂ ಮನೆಯವರು ಒಪ್ಪಿದೆವು. ಆದರೆ ಹೇಗೆ? ಚರ್ಚಿನ ಸಭೆಯ ಹಿರಿಯರದು ಒಂದೇ ಹಾದಿ: ಅಚ್ಚಾದ ಪ್ರಶ್ನೋತ್ತರಗಳನ್ನು ಅಕ್ಷರ ತಪ್ಪದೆ ಬಾಯಿಪಾಠ ಮಾಡುವುದು.

ಆಗ ಅಕ್ಕೋರು ಬೇರೆ ಹಾದಿ ತಂದರು. ಅವರು ಒಂದು ಬಂಗಲೆಯಲ್ಲಿ ಆಯಾ ಆಗಿದ್ದವರು. ಅಲ್ಲಿಯ ಮೇಮ್‌ಸಾಹೇಬ ತನ್ನ ಮಕ್ಕಳಿಗೆ ವರಾಂಡದಲ್ಲಿ ತಾನೇ ಪಾಠ ಹೇಳುವುದನ್ನು ವರ್ಷಗಟ್ಟಲೆ ನೋಡಿದ್ದರು. ಕಥೆ ಒಮ್ಮೆ ಓದುವುದು, ಪುಸ್ತಕ ಮುಚ್ಚುವುದು, ಆಮೇಲೆ ಮಗು ಅದನ್ನು ತನ್ನ ಮಾತಿನಲ್ಲೇ ತಿರುಗಿ ಹೇಳುವುದು. ಅಷ್ಟೇ.

"ಕಥಿ ಕೇಳಾಕ ಅಜ್ಜಿ ಸಾಕಲ್ರಿ, ಅಕ್ಕೋರು ಯಾಕ ಬೇಕು?" ಎಂದಳು ಪಕ್ಕದ ಮನೆಯ ಫಿಟ್ಟರನ ಹೆಂಡತಿ.

"ಅಜ್ಜಿ ಕಥಿ ಹೇಳಿದ್ರ ಕೂಸು ಮಲಗತದ. ನನ್ನ ಹತ್ರ ಕೂಸ ಹೇಳತದ, ನಾ ಎಚ್ಚರ ಇರಬೇಕಾಗತದ."

ನಾವೆಲ್ಲ ನಕ್ಕೆವು. ಆದರೂ ನಾನು ತತ್ತಿಯನ್ನೂ ಬೆಳಕಿಗೆ ಹಿಡಿದು ನೋಡದೆ ಕೊಂಡವಳಲ್ಲ. "ನನ್ನ ಮಗಳ ಮ್ಯಾಲೆ ಮಾಡಿ ತೋರಸ್ರಿ" ಎಂದೆ. ಯೇಸುಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಅಂಗಳದ ಬೆಂಕಿಗೆ ಕೈ ಕಾಯಿಸುತ್ತ, ಕೋಳಿ ಕೂಗುವ ಮೊದಲೇ ಮೂರು ಸಲ 'ಆ ಮನುಷ್ಯ ನನಗೆ ಗೊತ್ತೇ ಇಲ್ಲ' ಎಂದ ಶಿಷ್ಯನ ಕಥೆಯನ್ನು ಅಕ್ಕೋರು ಓದಿದರು. ಬಾಯಿ ಬಿಡದ ನನ್ನ ಮಗಳು ಎದ್ದು ನಿಂತು, ಬೆಂಕಿಯ ಚಟಪಟ, ಕೋಳಿಯ ಕೂಗು, ಅವನ ಅಳು ಎಲ್ಲ ಹೇಳಿದಳು. ನನ್ನ ಕಣ್ಣಲ್ಲಿ ನೀರು ಬಂತು. ಮಿಕ್ಕ ಎರಡು ಮನೆಗಳನ್ನೂ ನಾನೇ ಒಪ್ಪಿಸಿದೆ. ಅಕ್ಕೋರ ಅಕ್ಕನ ಮಗಳು, ತಾಯಿ ತಂದೆ ಇಲ್ಲದೆ ಅವರ ಮನೆಯಲ್ಲೇ ಬೆಳೆಯುತ್ತಿದ್ದ ಹುಡುಗಿ, ಅವಳೂ ನಮ್ಮ ಮಕ್ಕಳ ಜೊತೆ ಕೂತು ಕಥೆ ಹೇಳುತ್ತಿದ್ದಳು.

ನನ್ನ ಮಗಳಿಗೆ ತಾನೂ ಅಕ್ಕೋರಾಗಬೇಕೆಂಬ ಹುಚ್ಚು ಹಿಡಿಯಿತು. ಅದಕ್ಕೆ ಧಾರವಾಡ ಕಡೆಯ ಬೋರ್ಡಿಂಗ್ ಶಾಲೆಗೆ ಹೋಗಬೇಕು. ಆ ವರ್ಷ ನಮ್ಮ ಸಭೆಯಿಂದ ಒಬ್ಬಳಿಗೆ ಮಾತ್ರ ಜಾಗವಿತ್ತು. ಅಲ್ಲಿಂದ ಪಾದ್ರಿ ಅಯ್ಯನವರು ಪರೀಕ್ಷೆಗೆ ಬಂದರು. "ಬಾಯಿಪಾಠಾನೂ ಮಾಡಸ್ಬೇಕೇನ್ರಿ?" ಎಂದು ಮುಂಚೆಯೇ ಕೇಳಿದ್ದೆ. "ಏನೂ ಬ್ಯಾಡ್ರಿ ಬಾಯಾರ, ತಿಳದ ಹೇಳಿದ್ರ ಅವರಿಗೂ ತಿಳೀತದ" ಎಂದಿದ್ದರು ಅಕ್ಕೋರು.

ಅಯ್ಯನವರು ನನ್ನ ಮಗಳನ್ನು ಕೇಳಿದರು: "ಪಾಪ ಎಂದರೇನು?"

"ಬೆಂಕಿ ಮುಂದ ಕೂತು ತನ್ನ ಗುರೂನ್ನ ಗೊತ್ತಿಲ್ಲ ಅಂದ್ನಲ್ರಿ, ಅದು. ಅವಂಗ ಚಳಿ ಭಾಳ ಇತ್ರಿ. ಅಂಜಿಕಿನೂ ಇತ್ತು."

ಅಯ್ಯನವರು ಕನ್ನಡಕ ತೆಗೆದರು. "ಇದು ಯಾವ ಪುಸ್ತಕದ ಉತ್ತರ? ನಿನಗೆ ಕಲಿಸಿದವರು ಯಾರು?"

ನಾನು ಅಕ್ಕೋರ ಕಡೆ ನೋಡಿದೆ. ಅವರು ಗೋಡೆಗೆ ಸರಿದು ನಿಂತಿದ್ದರು. "ಮನ್ಯಾಗ ತಾಯಂದಿರ ಕಲಸ್ತಾರ್ರಿ ಅಯ್ಯನವರ. ನಾ ಸುಮ್ಮನ ಬಂದು ಹೋಗಾಕಿ."

ಆಮೇಲೆ ಅವರ ಅಕ್ಕನ ಮಗಳ ಸರದಿ. ಅದೇ ಪ್ರಶ್ನೆ. ಹುಡುಗಿ ಅಚ್ಚಿನ ಉತ್ತರವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ನಾನು ಅವಳ ಕೈ ನೋಡಿದೆ. ಹೆಬ್ಬೆರಳು ಕಿರುಬೆರಳಿನ ಬುಡದಿಂದ ಹೊರಟು ಒಂದೊಂದೇ ಗೆಣ್ಣು ಮುಟ್ಟುತ್ತ ಹೋಗುತ್ತಿತ್ತು.

ಜಾಗ ಅವಳಿಗೆ ಸಿಕ್ಕಿತು. ನನ್ನ ಮಗಳು ಮನೆಗೆ ಬಂದು, ಕಟ್ಟಿಕೊಂಡಿದ್ದ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಟ್ರಂಕಿಗೆ ಇಟ್ಟಳು. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಸೀದಾ ಅಕ್ಕೋರ ಮನೆಗೆ ಹೋದೆ. "ನಮ್ಮ ಮಕ್ಕಳಿಗೆ ಒಂದು, ನಿಮ್ಮ ಕೂಸಿಗೆ ಒಂದು. ಇದೆಂಥಾ ವ್ಯಾಪಾರ್ರಿ?"

ಅವರು ಸುಳ್ಳು ಹೇಳಲಿಲ್ಲ. "ಆ ಪದ್ಧತಿ ಖರೇನ ಚಲೋ ಅದರಿ, ಬಾಯಾರ. ಆದ್ರ ನಿಮ್ಮ ಮಗಳಿಗೆ ನೀವದೀರಿ. ಇದಕ್ಕ ಯಾರದಾರ? ಈ ಕೂಸಿನ ಮ್ಯಾಲೆ ಅದನ್ನ ಹಚ್ಚಿ ನೋಡೂ ಧೈರ್ಯ ನನಗಾಗಲಿಲ್ಲ."

"ನಮ್ಮ ಕೂಸಿನ ಮ್ಯಾಲೆ ಆತಲ್ಲ!" ಎಂದು ಬಂದುಬಿಟ್ಟೆ. ಮುಂದೆ ಚರ್ಚಿನಲ್ಲಿ ಅವರು ಕೂತ ಸಾಲಿನಲ್ಲಿ ನಾನು ಕೂರಲಿಲ್ಲ.

ಮನೆಯಲ್ಲಿ ಮಕ್ಕಳಿಗೆ ಕಲಿಸಬೇಕೆಂದಿರುವವರಿಗೆ ನನ್ನದೊಂದು ಬುದ್ಧಿಮಾತು. ಯಾವ ಪದ್ಧತಿಯಾದರೂ ಇರಲಿ, ತಂದವರ ಮಾತು ಎಷ್ಟೇ ಸೊಗಸಾಗಿರಲಿ, ಮೊದಲು ಅವರ ಮನೆಗೆ ಹೋಗಿ ಅವರ ಕೂಸಿಗೆ ಹೇಗೆ ಕಲಿಸುತ್ತಾರೆಂದು ನೋಡಿ ಬನ್ನಿ. ಹೇಳದೆ ಹೋಗಿ. ನಾನು ಹೋಗಿರಲಿಲ್ಲ.

ನನ್ನ ಮಗಳು ಮಾತ್ರ ಆ ಪದ್ಧತಿ ಬಿಡಲಿಲ್ಲ. ಚಾಳಿನ ಚಿಕ್ಕ ಮಕ್ಕಳನ್ನು ಕೂಡಿಸಿಕೊಂಡು ಹಾಗೆಯೇ ಕಲಿಸಿದಳು; ಅವಳಿಗೂ ಅಕ್ಕೋರು ಎಂಬ ಹೆಸರು ತಾನಾಗಿ ಬಂತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಳೆಯ ಅಕ್ಕೋರು ಹಾಸಿಗೆ ಹಿಡಿದರು. ಅಕ್ಕನ ಮಗಳು ದೂರದ ಊರಿನಲ್ಲಿ ಟೀಚರು, ಬರುವುದು ತಡವಾಗಿತ್ತು. ಅವರು ನನ್ನ ಮಗಳಿಗೆ ಹೇಳಿಕಳಿಸಿದರು. ಹೋಗಬೇಡ ಎಂದೆ, ಕೇಳಲಿಲ್ಲ. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಒಂದು ಕಥಿ ಹೇಳವ್ವಾ. ಆ ಬೆಂಕಿದು."

ಮಗಳು ಹೇಳಿದಳು. ಚಳಿ, ಅಂಗಳ, ಬೆಂಕಿ. ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ಕೋಳಿ ಕೂಗಿತು. ಅಲ್ಲಿಗೆ ನಿಲ್ಲಿಸಲಿ ಎಂದು ನನ್ನ ಜೀವ ಬಯಸುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಕೆಲವು ದಿನಗಳಾದ ಮೇಲೆ, ನೀರಿನ ದಂಡೆಯಲ್ಲಿ, ಬೆಳಗಿನ ಚಳಿಯಲ್ಲಿ ಇನ್ನೊಂದು ಬೆಂಕಿ. ಸತ್ತು ಮತ್ತೆ ಎದ್ದುಬಂದ ಗುರು ಅದರ ಮೇಲೆ ಮೀನು ಸುಡುತ್ತ ಅದೇ ಶಿಷ್ಯನನ್ನು ಊಟಕ್ಕೆ ಕರೆದದ್ದನ್ನೂ ಹೇಳಿದಳು.

ನಾನು ಅಕ್ಕೋರ ಕೈ ನೋಡಿದೆ. ಹೊದಿಕೆಯ ಮೇಲೆ ಹೆಬ್ಬೆರಳು ಸುಮ್ಮನೆ ಬಿದ್ದಿತ್ತು. ಯಾವ ಗೆಣ್ಣನ್ನೂ ಹುಡುಕುತ್ತಿರಲಿಲ್ಲ. ಕಣ್ಣುಗಳು ತೆರೆದಿದ್ದವು, ಕೇಳುತ್ತಿದ್ದರು.

ಮರುದಿನ ಹೋಗಿಬಿಟ್ಟರು. ನನಗೆ ಇಂದಿಗೂ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ಆ ಕಥೆಯಲ್ಲಿ ಎಲ್ಲಿ ನಿಲ್ಲಿಸಬಾರದು ಎಂಬುದನ್ನು ನನ್ನ ಮಗಳಿಗೆ ಕಲಿಸಿದವರು ಅವರೇ. ಯಾರಾದರೂ ಕೇಳಿದರೆ, ಅವರು ನನಗೆ ಗೊತ್ತಿಲ್ಲ ಎಂದು ನಾನು ಹೇಳಲಾರೆ.