ಆನ್ಸಿ ಟೀಚರ್ ಹಾಕಿದ ರಜೆಗಳು

ಪಂಪ್‌ವೆಲ್ ಫ್ಲೈಓವರಿಗೆ ಮುಖ ಮಾಡಿದ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಯುತ್ತದೆ. ಅಲ್ಲಿ ಪಾಠ ಮಾಡುವ ಆನ್ಸಿ ಟೀಚರಿಗೆ ವರ್ಷಕ್ಕೆ ಹನ್ನೆರಡು ರಜೆ. ಅದನ್ನು ಅವರು ತೆನೆ ಹಬ್ಬಕ್ಕೂ ಹಾಕುವವರಲ್ಲ, ಸಂಬಂಧಿಕರ ಮದುವೆಗೂ ಹಾಕುವವರಲ್ಲ. ಫೆಬ್ರವರಿಯ ಹೊತ್ತಿಗೆ ಬರುವ ಒಂದು ಹುಣ್ಣಿಮೆಗೆ ಒಂದು, ಏಪ್ರಿಲ್ ಹದಿಮೂರರಿಂದ ಮೂರು, ಆಗಸ್ಟ್ ಹನ್ನೆರಡಕ್ಕೆ ಒಂದು, ಹೀಗೆ ಯಾರ ಲೆಕ್ಕಕ್ಕೂ ಸಿಗದ ದಿನಗಳಲ್ಲಿ ಮನೆಯಲ್ಲಿ ಕೂರುತ್ತಿದ್ದರು. ಕ್ಲಾಸು ನಡೆಸುವ ದೀಪೇಶ್ ಅಂಥ ಒಂದು ದಿನ ಫೋನ್ ಮಾಡಿ ಕಾರಣ ಕೇಳಿದ. ಟೀಚರ್ ಸ್ವಲ್ಪ ನಾಚಿಕೊಂಡೇ ಹೇಳಿದರು:

"ಅಲ್ಲಿ ಇವತ್ತು ರಜೆ."

ಅಲ್ಲಿ ಎಂದರೆ ಥಾಯ್ಲೆಂಡಿನ ಉತ್ತರದಲ್ಲಿರುವ ಫಯಾವ್ ಎಂಬ ಸಣ್ಣ ಊರು. ಮಂಗಳೂರಿನ ಶಾಲೆಗಳಲ್ಲಿ ಹನ್ನೊಂದು ವರ್ಷ ತಾತ್ಕಾಲಿಕ ಟೀಚರಾಗಿಯೇ ದುಡಿದು, ಮದುವೆಯೂ ಕೂಡಿ ಬರದೆ, ಮೂವತ್ತೆಂಟನೇ ವಯಸ್ಸಿನಲ್ಲಿ ಅವರು ಅಲ್ಲಿಗೆ ಹೋದರು. ಮೊದಲೇ ಅಲ್ಲಿ ಪಾಠ ಮಾಡುತ್ತಿದ್ದ ದೂರದ ಸಂಬಂಧಿ ಲ್ಯಾನ್ಸಿ ಕೆಲಸ ಕೊಡಿಸಿದ್ದ. ಎರಡು ವರ್ಷ ಇದ್ದು ಬರುತ್ತೇನೆಂದು ಹೋದವರು ಒಂಬತ್ತು ವರ್ಷ ಉಳಿದರು.

ಮೊದಲ ಏಪ್ರಿಲಿನಲ್ಲಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಪೂಜೆಗೆಂದು ಇಗರ್ಜಿಗೆ ಹೊರಟಿದ್ದರು. ಓಣಿಯ ತಿರುವಿನಲ್ಲಿ ಯಾರೋ ಒಂದು ಬಕೆಟ್ ನೀರು ತಲೆಯ ಮೇಲಿಂದ ಸುರಿದರು. ಇನ್ನೊಬ್ಬಳು ಮುದುಕಿ ನಗುತ್ತಾ ಬಂದು ಎರಡೂ ಕೆನ್ನೆಗೆ ಬಿಳಿ ಹಿಟ್ಟು ಸವರಿದಳು. ಟೀಚರಿಗೆ ಅಳುವೇ ಬಂತು. ಅದು ಹೊಸ ವರ್ಷದ ಹಬ್ಬ, ಸೊಂಕ್ರಾನ್, ನಮ್ಮ ಸಂಕ್ರಾಂತಿ ಎಂಬ ಶಬ್ದವೇ ಅದು ಎಂದು ಆಮೇಲೆ ತಿಳಿಯಿತು. ಮರುವರ್ಷ ಅವರೇ ಬಕೆಟ್ ಹಿಡಿದು ಗೇಟಿನ ಬಳಿ ನಿಂತಿದ್ದರು.

ಮಳೆಗಾಲದಲ್ಲಿ ಭಿಕ್ಷುಗಳು ಮೂರು ತಿಂಗಳು ಒಂದೇ ವಿಹಾರದಲ್ಲಿ ನೆಲೆ ನಿಲ್ಲುವ ದಿನ ಊರಿನವರು ಆಳೆತ್ತರದ ಮೇಣದ ಬತ್ತಿಗಳನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು. ಕಾರ್ತಿಕದ ಹುಣ್ಣಿಮೆಗೆ ಬಾಳೆದಿಂಡಿನ ಬಿಲ್ಲೆಯ ಮೇಲೆ ಎಲೆ ಮಡಚಿ, ಹೂವಿಟ್ಟು, ದೀಪ ಹಚ್ಚಿ ಕೆರೆಯಲ್ಲಿ ತೇಲಿಬಿಡುತ್ತಿದ್ದರು. ಊರಲ್ಲಿದ್ದ ತಮ್ಮ ವಿಲ್ಲಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, ಬುದ್ಧನ ಹಬ್ಬಗಳಿಗೆ ಅಲ್ಲಿ ವೈನ್‌ಶಾಪು ಮುಚ್ಚುತ್ತಾರಂತೆ, ನನಗೆ ಆ ದೇಶ ಆಗ್ಲಿಕ್ಕಿಲ್ಲ ಎಂದು ನಗುತ್ತಿದ್ದ.

ಆಗಸ್ಟ್ ಹನ್ನೆರಡು ಅಲ್ಲಿ ತಾಯಂದಿರ ದಿನ. ಹಿಂದಿನ ದಿನವೇ ಶಾಲೆಯಲ್ಲಿ ಕಾರ್ಯಕ್ರಮ. ತಾಯಂದಿರು ಸಾಲಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಮಕ್ಕಳು ಮೊಣಕಾಲೂರಿ ಬಂದು, ಅವರ ಪಾದಕ್ಕೆ ಹಣೆ ಹಚ್ಚಿ, ಕೈಗೆ ಮಲ್ಲಿಗೆ ಮಾಲೆ ಕೊಡುತ್ತಾರೆ. ಮೂರನೇ ಕ್ಲಾಸಿನ ಪ್ಲೊಯ್ ಎಂಬ ಹುಡುಗಿಯ ಅಮ್ಮ ಕೊರಿಯಾದ ಒಂದು ತೋಟದಲ್ಲಿ ದುಡಿಯುತ್ತಿದ್ದಳು. ಅಪ್ಪ ಇರಲಿಲ್ಲ. ಸಾಕಿದ ಅಜ್ಜಿಗೆ ಅವತ್ತು ಜ್ವರ. ಮಾಲೆ ಹಿಡಿದುಕೊಂಡು ಆ ಮಗು ಖಾಲಿ ಕುರ್ಚಿಯ ಮುಂದೆ ನಿಂತೇ ಇತ್ತು. ಹೆಡ್‌ಮಿಸ್ ಬಂದು ಆನ್ಸಿ ಟೀಚರ ಕಿವಿಯಲ್ಲಿ, ನೀವು ಹೋಗಿ ಕೂತುಕೊಳ್ಳಿ ಎಂದರು.

ಟೀಚರ್ ಕೂತರು. ಸಣ್ಣ ಹಣೆಯೊಂದು ಪಾದಕ್ಕೆ ತಾಗಿದಾಗ ಕೈಯನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯಲಿಲ್ಲ.

ಮುಂದಿನ ವರ್ಷ ಅಜ್ಜಿ ಗಟ್ಟಿಯಾಗಿಯೇ ಇದ್ದಳು. ಆದರೂ ಪ್ಲೊಯ್ ಬಂದು ಟೀಚರನ್ನೇ ಕರೆದಳು. ಹಾಗೆ ಆರು ವರ್ಷ. ಮಾರನೆಯ ದಿನದ ರಜೆಗೆ ಮೂವರೂ ಅಜ್ಜಿಯ ಮನೆಯಲ್ಲಿ ಅಂಟು ಅಕ್ಕಿಯ ಅನ್ನ, ಸುಟ್ಟ ಮೀನು ತಿನ್ನುತ್ತಿದ್ದರು. ಪ್ಲೊಯ್ ಅವರನ್ನು ಖ್ರೂ ಆನ್ ಎನ್ನುತ್ತಿದ್ದಳು. ಖ್ರೂ ಎಂದರೆ ಗುರು. ಅವಳ ಬಾಯಲ್ಲಿ ಅದು ಬೇರೇನೋ ಆಗಿ ಕೇಳುತ್ತಿತ್ತು.

ಕೊರೊನಾದ ನಂತರ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು, ಟೀಚರ ಒಪ್ಪಂದ ಮುಂದುವರಿಯಲಿಲ್ಲ. ಊರಿಗೆ ಬಂದು ನಂತೂರಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಹೆದ್ದಾರಿಯ ಲಾರಿಗಳ ಸದ್ದಿಗೆ ಹಗಲಿಡೀ ಕಿಟಕಿ ಮುಚ್ಚಿರಬೇಕು. ರಜೆ ಹಾಕಿದ ದಿನ ಅಡುಗೆ ಬೇಗ ಮುಗಿಸಿ ಫೋನು ಹತ್ತಿರ ಇಟ್ಟುಕೊಂಡು ಕೂರುತ್ತಿದ್ದರು. ಅಲ್ಲಿಯೂ ರಜೆ ಅಲ್ಲವಾ, ಪ್ಲೊಯ್‌ಗೆ ಪುರುಸೊತ್ತು ಇರುತ್ತದೆ ಎಂಬ ಲೆಕ್ಕ. ಮೊದಲು ಅವಳು ದಿನಾ ಮೆಸೇಜ್ ಮಾಡುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ ಆಯಿತು. ಕೊನೆಕೊನೆಗೆ ಹಬ್ಬಕ್ಕೆ ಒಂದು ಹೂವಿನ ಚಿತ್ರ ಮಾತ್ರ. ನಾಲ್ಕನೇ ವರ್ಷದ ಆಗಸ್ಟ್ ಹನ್ನೆರಡರಂದು ಅದೂ ಬರಲಿಲ್ಲ.

ಅವತ್ತಿನಿಂದ ಟೀಚರ್ ಒಂದು ರಜೆಯನ್ನೂ ಹಾಕಲಿಲ್ಲ. ಕಾರ್ತಿಕ ಹುಣ್ಣಿಮೆಯೂ ಕ್ಲಾಸಿನಲ್ಲೇ ಕಳೆಯಿತು. ಏಪ್ರಿಲ್ ಬಂದಾಗ ಒಟ್ಟಿಗೆ ಹತ್ತು ದಿನ ಕೇಳಿದರು. ಸೊಂಕ್ರಾನಿಗೆ ಹೋಗಬೇಕು ಎಂದದ್ದಕ್ಕೆ ದೀಪೇಶ್ ದಿನ ಯಾವುದೆಂದು ನೋಡಿದ. ತುಳುನಾಡಿನ ಹೊಸ ವರ್ಷವೂ ಅದೇ ಹೊತ್ತಿಗೆ. "ಅದು ನಮ್ಮ ಬಿಸು ಅಲ್ವಾ ಟೀಚರ್? ಬಿಸುವಿಗೆ ಮನೆಗೆ ಹೋಗ್ಬೇಡಿ ಅಂತ ನಾನು ಹೇಗೆ ಹೇಳೋದು" ಎಂದು ಸಹಿ ಹಾಕಿದ.

ಮನೆ ಎಂಬ ಮಾತು ವಿಮಾನದುದ್ದಕ್ಕೂ, ಬ್ಯಾಂಕಾಕಿನಿಂದ ಹಿಡಿದ ಬಸ್ಸಿನಲ್ಲೂ ಅವರ ಜೊತೆಗೇ ಇತ್ತು. ಹೇಳದೆ ಹೋಗಿ ಎದುರು ನಿಲ್ಲಬೇಕೆಂದು ಪ್ಲೊಯ್‌ಗೆ ತಿಳಿಸಿರಲಿಲ್ಲ.

ಅಜ್ಜಿ ಒಬ್ಬಳೇ ಇದ್ದಳು. ಮೊದಲು ಗುರುತು ಹಿಡಿಯಲಿಲ್ಲ, ಆಮೇಲೆ ಹಿಡಿದ ಕೈ ಬಿಡಲಿಲ್ಲ. ಪ್ಲೊಯ್‌ಗೆ ನರ್ಸಿಂಗ್ ಸೀಟು ಸಿಕ್ಕಿತ್ತಂತೆ. ಅದನ್ನು ಬಿಟ್ಟು ಎರಡು ತಿಂಗಳ ಹಿಂದೆ ಕೊರಿಯಾಕ್ಕೆ, ಅಮ್ಮನಿದ್ದ ತೋಟಕ್ಕೇ ಕೆಲಸಕ್ಕೆ ಹೋದಳಂತೆ. ಟೀಚರ್ ಜಗಲಿಯ ಮೇಲೆ ಕೂತರು. ರಸ್ತೆಯಲ್ಲಿ ಮಕ್ಕಳು ನೀರೆರಚುತ್ತಾ ಕಿರುಚುತ್ತಿದ್ದವು.

ತೋಟದ ಮಧ್ಯಾಹ್ನದ ಬಿಡುವಿಗೆ ಅಜ್ಜಿಯ ಫೋನಿನಲ್ಲಿ ಪ್ಲೊಯ್‌ಳ ಮುಖ ಬಂತು. ತೆಳ್ಳಗಾಗಿದ್ದಳು.

"ಯಾಕೆ ಹೇಳಲಿಲ್ಲ ಮಗಾ?"

"ಹೇಳಿದರೆ ನೀವು ಬೇಡ ಅಂತಿದ್ದಿರಿ, ಖ್ರೂ."

ಮತ್ತೆ ಅವಳೇ ಹೇಳಿದಳು: "ಇಲ್ಲಿ ರಜೆ ಇಲ್ಲ. ಇವತ್ತು ಸೊಂಕ್ರಾನ್ ಅಂತ ಬೆಳಿಗ್ಗೆ ನೆನಪೇ ಆಗಲಿಲ್ಲ."

ಅವಳ ಹಿಂದಿನಿಂದ ಟೊಪ್ಪಿ ಹಾಕಿದ ಹೆಂಗಸೊಬ್ಬಳು ಬಗ್ಗಿ ನೋಡಿ, ಮಣ್ಣು ಮೆತ್ತಿದ ಕೈಗವಸು ಕಳಚಿ ಕೈ ಮುಗಿದಳು. ಆರು ವರ್ಷ ಯಾರ ಕುರ್ಚಿಯಲ್ಲಿ ಕೂತಿದ್ದರೋ ಅವಳ ಮುಖವನ್ನು ಟೀಚರ್ ನೋಡಿದ್ದು ಅದೇ ಮೊದಲು. ಅವರೂ ಕೈ ಮುಗಿದರು. ಹುಡುಗಿ ಕೊನೆಗೂ ಅಮ್ಮನ ಹತ್ತಿರ ಸೇರಿದಳಲ್ಲ ಎಂದು ಸಂತೋಷಪಡಲು ನೋಡಿದರು. ಸಂತೋಷ ಇತ್ತು, ಆದರೆ ಅದರಿಂದ ಎದೆಯೇನೂ ಹಗುರಾಗಲಿಲ್ಲ.

ಸಂಜೆ ಅರಿಶಿನ ಹಾಕಿದ ನೀರನ್ನು ಬೆಳ್ಳಿಯ ಬಟ್ಟಲಿನಿಂದ ಅಜ್ಜಿಯ ಕೈಗಳ ಮೇಲೆ ಸುರಿದು, ತಪ್ಪಿದ್ದರೆ ಕ್ಷಮಿಸಿ ಎಂದು ಕೇಳಿದರು. ಹಿರಿಯರಿಗೆ ಹಾಗೆ ಮಾಡುವುದು ಅಲ್ಲಿಯ ಕ್ರಮ. ಅಜ್ಜಿ ಅವರ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ಏನೇನೋ ಹರಸಿದಳು. ಅರ್ಧ ಅರ್ಥವಾಯಿತು.

ಊರಿಗೆ ಮರಳಿದ ಮೇಲೆ ಟೀಚರ್ ಹಬ್ಬಗಳಿಗೆ ರಜೆ ಹಾಕುವುದನ್ನು ಬಿಟ್ಟಿದ್ದಾರೆ. ಬದಲಿಗೆ ಆಯಾ ಹಬ್ಬದ ಬೆಳಿಗ್ಗೆ, ಕ್ಲಾಸಿಗೆ ಹೊರಡುವ ಮೊದಲು, ಪ್ಲೊಯ್‌ಗೆ ಒಂದು ಸಾಲು ಬರೆಯುತ್ತಾರೆ: ಇವತ್ತು ಇಂಥ ಹಬ್ಬ. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಜುಲೈಯಲ್ಲಿ, ಇವತ್ತು ಭಿಕ್ಷುಗಳು ಮಳೆಗಾಲಕ್ಕೆ ನೆಲೆ ನಿಂತರು ಎಂದು ಬರೆದರು. ಎರಡು ದಿನ ಬಿಟ್ಟು ಒಂದು ಫೋಟೊ ಬಂತು, ಅಕ್ಷರ ಒಂದೂ ಇರಲಿಲ್ಲ. ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಹಸಿರುಮನೆ, ಅದರ ಮೇಲೆ ಮಳೆ, ಬಾಗಿಲ ಬಳಿ ಎರಡು ಜೊತೆ ರಬ್ಬರ್ ಬೂಟು. ಪಂಪ್‌ವೆಲ್‌ಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಟೀಚರ್ ಅದನ್ನು ದೊಡ್ಡದು ಮಾಡಿ ನೋಡಿದರು, ಪ್ಲೊಯ್‌ಳದ್ದು ಯಾವ ಜೊತೆ ಇರಬಹುದೆಂದು.